ಚಾಪೆಯ ಹೊರಗಿನ ಕಾಲು

ಕಾಲಿಗೆ ಬಟ್ಟೆ ಯಾಕೆ ಸುತ್ತಿದ್ದಾಳೆ ಈ ಲಾಗಿ, ಬಲಗಾಲಿನ ಹೆಬ್ಬೆರಳಿಗೆ, ಹಳೇ ದಿಂಬಿನ ಚೀಲ ಹರಿದ ಬಿಳಿ ಬಟ್ಟೆ, ಎಲ್ಲಾದರೂ ಬಿದ್ದು ಗಾಯ ಮಾಡಿಕೊಂಡಳೇನೋ, ಒಂದು ಕಡೆ ನಿಲ್ಲುವ ಪ್ರಾಣಿಯೇ ಅದು — ಇಲ್ಲ, ಗಾಯವೂ ಇಲ್ಲ ಏನೂ ಇಲ್ಲ, ನಾಟಕದ ತಾಲೀಮು ಮುಗಿದದ್ದೇ ತಡ ಬಟ್ಟೆ ಕಿತ್ತು ಬಾಗಿಲಲ್ಲಿ ಚಪ್ಪಲಿಗಳ ರಾಶಿಯ ಮೇಲೆ ಎಸೆದು ಓಡಿದಳು, ಉಳಿದ ಮಕ್ಕಳೂ ಅವಳ ಹಿಂದೆಯೇ, ಹೊರಗೆ ಪಾದ್ರಿಯಮ್ಮ ಕೋಕೋ ಹಾಕಿದ ಅನ್ನದ ಗಂಜಿ ಬಡಿಸುತ್ತಿದ್ದಾರೆ, ಘಮ ಇಲ್ಲಿಯವರೆಗೂ ಬರುತ್ತಿದೆ, ನನಗೂ ಒಂದು ಬಟ್ಟಲು ತೆಗೆದಿಟ್ಟರೆ ಪುಣ್ಯ. ಆದರೆ ತೀರೇಸಾ ಎದ್ದಿಲ್ಲ. ಚರ್ಚ್ ಹಾಲಿನ ನೆಲದ ಮೇಲೆ ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ, ಸೊಂಟಕ್ಕೆ ಸುತ್ತಿದ ಲಾವಲಾವವನ್ನು ಮಂಡಿ ಮುಚ್ಚುವಂತೆ ಎಳೆದುಕೊಂಡು, ಹದಿನಾರರ ಹುಡುಗಿ, ದೃಶ್ಯವನ್ನು ಕಟ್ಟಿದವಳೂ ಅವಳೇ, ಚಿಕ್ಕ ಮಕ್ಕಳನ್ನು ಹಿಡಿದು ಆಡಿಸಿದವಳೂ ಅವಳೇ, ಈಗ ಹೇಗಿತ್ತು ಎಂದು ನಾನು ಹೇಳಬೇಕು. ಹೇಳಿ ಟೀಚರ್, ಏನಿದ್ರೂ ನೇರವಾಗಿ ಹೇಳ್ಬಿಡಿ, ನಾನು ಅಳಲ್ಲ. ಅಳಲ್ಲ ಅನ್ನುವವರೇ ಮೊದಲು ಅಳುವುದು, ಇಷ್ಟು ವರ್ಷ ಮೇಷ್ಟ್ರುಗಿರಿ ಮಾಡಿ ನನಗೆ ಅಷ್ಟೂ ಗೊತ್ತಿಲ್ಲವೇ. ಮೊದಲು ಹೊಗಳಬೇಕು, ನಡುವೆ ತಪ್ಪು ಹೇಳಬೇಕು, ಕೊನೆಗೆ ಮತ್ತೆ ಹೊಗಳಬೇಕು — ರಾಜಧಾನಿ ಆಪಿಯಾದ ತರಬೇತಿಯಲ್ಲಿ ಟೈ ಕಟ್ಟಿದ ಒಬ್ಬ ಹುಡುಗ ಅದನ್ನೇ ಇಡೀ ಬೆಳಿಗ್ಗೆ ಹೇಳಿದ್ದ, ಬ್ರೆಡ್ಡಿನ ನಡುವೆ ಮೀನು ಇಟ್ಟ ಹಾಗೆ ಅಂತ. ಮೀನಿನಲ್ಲಿ ಮುಳ್ಳಿದ್ದರೆ ಏನು ಮಾಡಬೇಕೆಂದು ಅವನು ಹೇಳಿರಲಿಲ್ಲ.

ಮುಳ್ಳು ಇದೆ. ಇಡೀ ಊರಿಗೆ ಗೊತ್ತು, ಆದರೆ ನಮ್ಮ ಮನೆಯವರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಇವಳು ಮಿಕಾಯೆಲೆಯ ಮಗಳು. ನಾನು ಫೆಲೆಟಿಯ ಸೋದರತ್ತೆ. ಹೋದ ವರ್ಷದ ಒಂದು ಶನಿವಾರ ಸಂಜೆ ಮಿಕಾಯೆಲೆಯ ಪಿಕಪ್, ಹಿಂದೆ ಕೆಸುವಿನ ಗೆಡ್ಡೆಯ ಮೂಟೆ, ತಿರುವಿನಲ್ಲಿ ಮುಳುಗುವ ಸೂರ್ಯ ಕಣ್ಣಿಗೆ ಹೊಡೆದು — ನನ್ನ ಫೆಲೆಟಿ ರಗ್ಬಿ ಮೈದಾನದಿಂದ ನಡೆದು ಬರುತ್ತಿದ್ದ, ಬೂಟು ಹಾಳಾಗುತ್ತದೆಂದು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಬರಿಗಾಲಲ್ಲಿ. ಅತ್ತೇ, ಹಸಿವು, ಏನಿದೆ? ಅಂತ ದಾರಿಯಿಂದಲೇ ಕೂಗುತ್ತಾ ಬರುವ ಹುಡುಗ, ಅವತ್ತು ಕೂಗು ಕೇಳಲಿಲ್ಲ, ಬ್ರೇಕಿನ ಸದ್ದು ಕೇಳಿತು. ಮಿಕಾಯೆಲೆ ಕುಡಿದಿರಲಿಲ್ಲ, ಓಡಿಯೂ ಹೋಗಲಿಲ್ಲ, ಹುಡುಗನನ್ನು ಎತ್ತಿಕೊಂಡು ಬಂದವನೇ ಅವನು. ಮಾರನೆಯ ಬೆಳಗಿನ ಜಾವ ನಮ್ಮ ಮನೆಯ ಮುಂದೆ ಇಫೋಗಾ ಕೂತಿತು, ತಪ್ಪೊಪ್ಪಿ ಕ್ಷಮೆ ಬೇಡುವ ಪದ್ಧತಿ. ಅವನ ಅಣ್ಣತಮ್ಮಂದಿರು ತಲೆ ತಗ್ಗಿಸಿ ಸಾಲಾಗಿ, ಅವರ ಮುಂದೆ ಸೌದೆ, ಕಲ್ಲು, ಹಸಿರೆಲೆ — ನಮ್ಮನ್ನು ಬೇಕಾದರೆ ಬೇಯಿಸಿಕೊಳ್ಳಿ ಎನ್ನುವ ಹಾಗೆ — ಎಲ್ಲರಿಗಿಂತ ಮುಂದೆ, ಮನೆತನದ ನಯವಾದ ಚಾಪೆಯನ್ನು ತಲೆಯ ಮೇಲೆ ಹೊದ್ದು ಮಿಕಾಯೆಲೆ. ಮನೆಯ ಯಜಮಾನ ಹೊರಗೆ ಬಂದು ಆ ಚಾಪೆ ಎತ್ತಿದರೆ ಕ್ಷಮೆ, ಒಳಗೆ ಕರೆದು ಕೂರಿಸಬೇಕು, ಊಟ ಹಾಕಬೇಕು, ಅಲ್ಲಿಗೆ ಮುಗಿಯಿತು. ಯಜಮಾನ ನನ್ನ ಅಣ್ಣ ತಾವಿತಾ, ಸತ್ತವನ ತಂದೆ. ಅಣ್ಣ ಎತ್ತಲಿಲ್ಲ.

ಈಗ ಅದೇ ಬೆಳಗನ್ನು ಇವಳು ಬಿಳಿ ಭಾನುವಾರಕ್ಕೆ ಆಡಿಸಲು ಹೊರಟಿದ್ದಾಳೆ, ವರ್ಷಕ್ಕೊಮ್ಮೆ ಮಕ್ಕಳು ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ಆಡುವ ದಿನ, ಹಿರಿಯರು ಬಾಯಿ ಮುಚ್ಚಿಕೊಂಡು ನೋಡಲೇಬೇಕಾದ ದಿನ, ಮೊದಲ ಬೆಂಚಿನಲ್ಲಿ ಅಣ್ಣ, ಪಕ್ಕದಲ್ಲಿ ಅತ್ತಿಗೆ ಲೋಸಾ, ಅವಳ ಪಕ್ಕ ನಾನು. ಪಾದ್ರಿಯಮ್ಮ ನನ್ನ ಕೈ ಹಿಡಿದು, ಅಕಾತಾ, ನೀವೇ ನೋಡಿಬಿಡಿ, ನೀವು ಸರಿ ಅಂದ್ರೆ ಇರ್ಲಿ, ಬೇಡ ಅಂದ್ರೆ ಪ್ರತಿವರ್ಷದ ಬೈಬಲ್ ನಾಟಕದ ಹಡಗು, ಆನೆ, ಜಿರಾಫೆ ಇದ್ದೇ ಇದೆ ಎಂದರು. ಎಷ್ಟು ಜಾಣೆ ನೋಡಿ, ಕೆಂಡವನ್ನು ನನ್ನ ಮಡಿಲಿಗೆ ಹಾಕಿ ಗಂಜಿ ಬಡಿಸಲು ಹೋದರು. ಬೇಡ ಎನ್ನುವುದು ಸುಲಭ. ಎಂದುಬಿಟ್ಟರೆ ಈ ಹುಡುಗಿ ಸರಿ ಟೀಚರ್ ಎಂದು ಎದ್ದು ಹೋಗುತ್ತಾಳೆ, ಬೆಟ್ಟದ ಕಡೆಯ ತೋಟದ ಗುಡಿಸಲಿಗೆ, ಅಜ್ಜಿಯ ಬಳಿಗೆ. ಕ್ರಿಸ್‌ಮಸ್‌ಗೆ ಮೊದಲು ಮಿಕಾಯೆಲೆ ಜೈಲಿನಿಂದ ಬರುತ್ತಾನೆ. ಎತ್ತದ ಚಾಪೆಯ ಕೆಳಗಿನ ಮನುಷ್ಯ ಊರೊಳಗೆ ಹೇಗೆ ಕಾಲಿಡಬೇಕು, ಯಾರ ಪಕ್ಕ ಕೂತು ಪ್ರಾರ್ಥಿಸಬೇಕು, ಅವನಿಗೆ ನೀರು ಕೊಟ್ಟವರು ಅಣ್ಣನ ಮುಖ ಹೇಗೆ ನೋಡಬೇಕು. ಅದಕ್ಕೇ ಇವಳ ಈ ನಾಟಕ, ಹುಡುಗಿ ಬಾಯಿಬಿಟ್ಟು ಹೇಳಿಲ್ಲ, ನನಗೆ ಅರ್ಥವಾಗದಿರಲು ನಾನೇನು ಕಲ್ಲೇ.

ಹೊಗಳಿಕೆಯಿಂದಲೇ ಶುರು ಮಾಡಿದೆ. ಆ ಕಲ್ಲುಗಳು ಚೆನ್ನಾಗಿದ್ವು ತೀರೇಸಾ, ನಿಜವಾದ ಕಲ್ಲನ್ನೇ ಹೊರಿಸಿದ್ದೀಯಲ್ಲ, ಮಕ್ಕಳು ತೇಕ್ತಾ ಬಂದ್ರು, ರಟ್ಟಿನ ಕಲ್ಲಾಗಿದ್ರೆ ಆ ಭಾರ ಬರ್ತಿರ್ಲಿಲ್ಲ. ಅವಳ ಮುಖ ಅರಳಿತು, ಅಯ್ಯೋ, ಅಷ್ಟಕ್ಕೇ ಅರಳಿತು. ಆಮೇಲೆ, ನೋಡಮ್ಮ, ಚಾಪೆ ಕೆಳಗಿರೋನು ಮಾತಾಡ್ತಾನಲ್ಲ, ಅದು ಬೇಡ. ಯಾಕೆ ಟೀಚರ್? ಯಾಕೆಂದರೆ ಯಾರೂ ಮಾತಾಡಲ್ಲ, ನಿನಗೇ ಗೊತ್ತು. ಹೌದು, ಆದ್ರೆ ಅವ್ನು ಮಾತಾಡ್ದೆ ಇದ್ರೆ ಅವ್ನ ಮನಸಲ್ಲಿ ಏನಿದೆ ಅಂತ ಜನಕ್ಕೆ ಹೆಂಗ್ ಗೊತ್ತಾಗುತ್ತೆ? ಒಳ್ಳೆ ಪ್ರಶ್ನೆಯೇ ಕೇಳಿದಳು, ಮಿಕಾಯೆಲೆಯ ಪಾತ್ರ ಮಾಡಿದ ಮಗು ಚಾಪೆಯೊಳಗಿಂದ ಉಸಿರು ಕಟ್ಟಿ ಒದರಿದ ಭಾಷಣ ಇನ್ನೂ ನನ್ನ ಕಿವಿಯಲ್ಲಿದೆ — ಸೂರ್ಯ ಕಣ್ಣಿಗೆ ಹೊಡೆಯಿತು, ನನ್ನ ಜೀವ ತಗೊಳ್ಳಿ, ನನ್ನ ಮಗಳನ್ನು ಮಾತ್ರ ಊರಿನಿಂದ ಹೊರಗೆ ಹಾಕಬೇಡಿ — ಬರೆದದ್ದು ನಾಟಕದ ಮಾತಲ್ಲ, ಹೇಳಲಾಗದೆ ವರ್ಷವಿಡೀ ನುಂಗಿಕೊಂಡದ್ದು. ಅದನ್ನು ಕತ್ತರಿಸು ಎನ್ನುವುದಕ್ಕೆ ನನಗೆ ಬಾಯಿ ಹೇಗೆ ಬರಬೇಕು, ಆದರೂ ಎನ್ನಬೇಕು, ಮಾತಾಡುವ ಚಾಪೆಯನ್ನು ನೋಡಿದರೆ ಅಣ್ಣ ಅಲ್ಲೇ ಎದ್ದು ಹೋಗುತ್ತಾನೆ, ನನ್ನ ಹತ್ತಿರವೇ ಬಂದು ವಾದಿಸ್ತಿದ್ದಾರೆ ಎಂದು. ಮಾತು ಕಡಿಮೆಯಾದ್ರೆ ಜನ ತಾವೇ ಮಾತು ತುಂಬ್ಕೋತಾರೆ ಕಣೇ, ಎಂದೆ, ನೀನೆಲ್ಲಾ ಹೇಳ್ಬಿಟ್ರೆ ಅವ್ರಿಗೇನು ಕೆಲ್ಸ. ಅವಳು ತುಟಿ ಕಚ್ಚಿಕೊಂಡು ತಲೆಯಾಡಿಸಿದಳು, ಕಣ್ಣು ತುಂಬಿದವು, ಅಳಲಿಲ್ಲ, ಹೇಳಿದ ಮಾತು ಉಳಿಸಿಕೊಂಡಳು. ಹೊರಗೆ ಯಾರೋ ಬಟ್ಟಲು ಬೀಳಿಸಿದರು, ಪಾದ್ರಿಯಮ್ಮ ಬೈಯುತ್ತಿದ್ದಾರೆ.

ಇನ್ನೊಂದು, ಸತ್ತೋನ ತಾಯಿ ಬಂದು ಚಾಪೆ ಎತ್ತಿಬಿಡ್ತಾಳಲ್ಲ, ಅಷ್ಟು ಬೇಗ ಆಗಲ್ಲಮ್ಮ, ಅವರು ಬಂದು ಕೂತು ಬೆವರು ಕೂಡ ಆರಿರಲ್ಲ, ಇವಳು ಓಡಿ ಬಂದು ಎತ್ತಿ, ಎಲ್ಲರೂ ತಬ್ಬಿಕೊಂಡು ಹಾಡು ಶುರು — ಜನ ಕಾಯ್ಬೇಕು, ಎತ್ತುತ್ತಾರೋ ಇಲ್ವೋ ಅಂತ ಮುಂದಕ್ಕೆ ಬಾಗಿ ನೋಡ್ಬೇಕು. ಮತ್ತೆ ಎತ್ತೋಳು ತಾಯಿ ಅಲ್ಲ, ಯಜಮಾನ. ಅದಕ್ಕೆ ಅವಳು ತಲೆ ಎತ್ತದೆಯೇ, ತಾಯಿಗೆ ಎತ್ತೋ ಮನಸ್ಸಿತ್ತು ಟೀಚರ್ ಎಂದಳು. ನಾಟಕದ ತಾಯಿಗೋ? ಹ್ಞೂಂ, ನಾಟಕದ ತಾಯಿಗೇ. ಆಗ ತಾಯಿಯ ಪಾತ್ರ ಮಾಡಿದ ಲಾಗಿ ಬಾಗಿಲಲ್ಲಿ ಎಸೆದಿದ್ದ ಬಟ್ಟೆ ಚೂರು ಮತ್ತೆ ಕಣ್ಣಿಗೆ ಬಿತ್ತು. ಬಲಗಾಲಿನ ಹೆಬ್ಬೆರಳು. ಅಯ್ಯೋ ದೇವರೇ — ಅವತ್ತು ಅತ್ತಿಗೆಯ ಹೆಬ್ಬೆರಳಿಗೆ ಅಂಥದ್ದೇ ಬಟ್ಟೆ ಇತ್ತು, ನಾನೇ ಕಟ್ಟಿದ್ದೆ, ಹಿಂದಿನ ದಿನ ತಗಡಿನ ಡಬ್ಬಿಯ ಮುಚ್ಚಳ ತುಳಿದು ಕುಯ್ದುಕೊಂಡಿದ್ದಳು. ಮಗನ ಹೆಣದ ಪಕ್ಕದಿಂದ ಎದ್ದು ಕುಂಟುತ್ತಾ ಮೆಟ್ಟಿಲ ಅಂಚಿನವರೆಗೆ ಹೋದಳು ಲೋಸಾ, ಅಣ್ಣ ಒಂದು ಬೆರಳು ಎತ್ತಿದ, ಅಷ್ಟೇ, ಅವಳು ಹಿಂದಿರುಗಿ ಬಂದು ಕೂತಳು, ಆಮೇಲೆ ಇವತ್ತಿನವರೆಗೂ ಆ ಮಾತು ಆಡಿಲ್ಲ. ಗೋಡೆಯಿಲ್ಲದ ಮನೆ ನಮ್ಮದು, ತೆಂಗಿನ ಗರಿಯ ಪರದೆಗಳು ಮಂಡಿಯವರೆಗೆ ಇಳಿದಿದ್ದವು, ನೆಲದಲ್ಲಿ ಕೂತ ನಮಗೆ ಕೆಳಗಿನ ಸಂದಿಯಿಂದ ಅಂಗಳ ಕಾಣುತ್ತಿತ್ತು. ಹೊರಗಿನವರಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಮೈ ಕಾಣುತ್ತಿರಲಿಲ್ಲ, ಕಂಡಿದ್ದರೆ ಪಾದ ಮಾತ್ರ, ಅದೂ ನೆಲಕ್ಕೆ ಮುಖ ಹಚ್ಚಿದವರಿಗೆ, ಹಿಂದೆ ಕೂತವರಿಗೆ ಚಾಪೆಯೇ ಅಡ್ಡ. ಮಿಕಾಯೆಲೆ ನೋಡಿದ್ದನೋ, ಜೈಲಿಗೆ ಹೋದಾಗ ಮಗಳಿಗೆ ಹೇಳಿದನೋ. ಲಾಗಿ ಕಾಲಿಗೆ ಬಟ್ಟೆ ಯಾಕೆ ಕಟ್ಟಿದೆ? ಅವಳು ನನ್ನನ್ನು ಒಮ್ಮೆ ನೋಡಿ, ಹಾಗೇ ಟೀಚರ್, ಚೆನ್ನಾಗಿರುತ್ತೆ ಅಂತ ಎಂದಳು. ಚೆನ್ನಾಗಿದೆ, ಎಂದೆ, ಬಿಡ್ಬೇಡ, ಆ ಕಾಲು ಮೆಟ್ಟಿಲಿಗೆ ಬರ್ಲಿ, ನಿಲ್ಲಲಿ, ಹಿಂದಕ್ಕೆ ಹೋಗ್ಲಿ. ಎತ್ತೋದು ಬೇಡ. ಹಿಂದಕ್ಕೆ ಹೋಗ್ಲಿ ಸಾಕು.

ಮತ್ತೆ ಆ ಯಜಮಾನ. ಮೀಸೆಗೆ ಇದ್ದಿಲು ಬಳಿದು, ಕೋಲು ಕೊಟ್ಟು, ಹೋಗ್ರೋ ಹಂದಿಗಳಾ ಎಂದು ಕೂಗಿಸಿದ್ದೀಯಲ್ಲ ಮಹಾರಾಯ್ತಿ, ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅವನು ಕೂಗಲ್ಲ ತೀರೇಸಾ. ಕೂಗಿದ್ರೆ ಸುಲಭ, ಕೂಗಿದೋನು ಸುಸ್ತಾಗಿ ಸುಮ್ಮನಾಗ್ತಾನೆ. ಹಾಗಾದ್ರೆ ಏನ್ ಮಾಡ್ಬೇಕು ಟೀಚರ್ ಅವ್ನು? ಏನೂ ಮಾಡಲ್ಲ, ಕೂತಿರ್ತಾನೆ. ಕೈಯಲ್ಲಿ ಒಂದು ಕಪ್ ಕೊಡು. ಕುಡಿಯೋಕಾ? ಇಲ್ಲ, ಸುಮ್ನೆ ಹಿಡ್ಕೊಂಡು ಕೂರೋಕೆ. ಅವಳಿಗೆ ಅರ್ಥವಾಗಲಿಲ್ಲ, ಹೇಗೆ ಅರ್ಥವಾಗಬೇಕು, ಅವಳಿಗೆ ಗೊತ್ತಿರುವುದು ಎತ್ತದ ಕೈ ಮಾತ್ರ, ನನ್ನ ಅಣ್ಣನಲ್ಲ. ನಮ್ಮ ಮನೆಯ ಮುಂದೆ ಅವರು ಕೂತಿದ್ದ ಜಾಗದ ಹುಲ್ಲನ್ನು ಅಣ್ಣ ಕತ್ತರಿಸಲು ಬಿಡುವುದಿಲ್ಲ, ಊರೆಲ್ಲ ಅಂಗಳ ಬೋಳಿಸಿದ ತಲೆಯ ಹಾಗಿದ್ದರೆ ಅಲ್ಲೊಂದು ತುಂಡು ಮೊಣಕಾಲೆತ್ತರ ಬೆಳೆದಿದೆ, ಮಹಿಳಾ ಸಮಿತಿಯವರು ಅಂಗಳ ತಪಾಸಣೆಗೆ ಬಂದವರು ಕಂಡೂ ಕಾಣದ ಹಾಗೆ ದಾಟಿ ಹೋಗುತ್ತಾರೆ, ದಿನಾ ಬೆಳಗ್ಗೆ ಅಣ್ಣ ಆ ಹುಲ್ಲನ್ನು ನೋಡುತ್ತಾ ಕೂತಿರುತ್ತಾನೆ, ಕೋಕೋ ಆರಿಹೋಗುತ್ತದೆ, ನಾನು ಕಪ್ ತೆಗೆದರೂ ಗೊತ್ತಾಗುವುದಿಲ್ಲ. ಕಟುಕನಲ್ಲ ಅವನು. ಅವತ್ತು ಏಳಲು ಹೊರಟಿದ್ದ. ನಾನು ನೋಡಿದ್ದೇನೆ, ಕಪ್ ಕೆಳಗಿಟ್ಟ, ಲೋಸಾ, ಸ್ವಲ್ಪ ಇರು ಎನ್ನುವ ಹಾಗೆ ಅವಳಿಗೆ ಬೆರಳು ತೋರಿಸಿದ, ಕೈ ಊರಿ ಒಂದು ಮಂಡಿ ಎತ್ತಿದ್ದ, ಆಗಲೇ ಆ ಕಾಲು.

ಆ ಕಾಲು. ಚಾಪೆಯ ಅಂಚಿನಿಂದ ನಿಧಾನಕ್ಕೆ ಹೊರಗೆ ಬಂತು, ಮೊಣಕಾಲ ಕೆಳಗಿನದಷ್ಟೂ, ಕೆಸರು ಮೆತ್ತಿದ ಅಂಗಾಲು ನೇರ ಮನೆಯ ಕಡೆಗೆ, ಅಣ್ಣನ ಮುಖದ ಕಡೆಗೆ. ನಮ್ಮಲ್ಲಿ ಹಾಲು ಬಿಟ್ಟ ಮಗುವಿಗೆ ಮೊದಲು ಕಲಿಸುವುದೇ ಅದು, ಹಿರಿಯರ ಕಡೆಗೆ ಕಾಲು ಚಾಚಬೇಡ, ಚಾಚಲೇಬೇಕಾದರೆ ಚಾಪೆ ಮುಚ್ಚಿಕೋ, ಕಲಿಯದವನಿಗೆ ಮನೆತನವಿಲ್ಲ ಎನ್ನುತ್ತಾರೆ. ಅಣ್ಣನ ಮಂಡಿ ಮತ್ತೆ ಕೆಳಗಿಳಿಯಿತು. ನೋಡು ಅಕಾತಾ, ಕ್ಷಮೆ ಕೇಳೋಕೆ ಬಂದೋನು, ನನ್ನ ಮಗ ಒಳಗೆ ಮಲಗಿದ್ದಾನೆ, ನನ್ನ ಮುಖಕ್ಕೆ ಕಾಲು ಚಾಚಿ ಕೂತಿದ್ದಾನೆ. ದನಿ ಎತ್ತಿರಲಿಲ್ಲ ಅವನು. ನಾನೂ ನೋಡಿದೆ, ಜಿಟಿಜಿಟಿ ಮಳೆ, ಮಬ್ಬು ಬೆಳಕು, ಕೆಸರಿನ ಕಾಲು, ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದ್ದದ್ದು ಮಾತ್ರ ಸ್ಪಷ್ಟ, ನನಗೂ ಸಿಟ್ಟು ಬಂತು, ಸುಳ್ಳೇಕೆ. ಈಗ ಎಳೆದುಕೊಳ್ಳುತ್ತಾನೆ, ಈಗ ಎಳೆದುಕೊಳ್ಳುತ್ತಾನೆ ಎಂದು ಕಾದೆವು, ಎಳೆದುಕೊಳ್ಳಲಿಲ್ಲ. ಅಣ್ಣ ಪರದೆಗಳನ್ನು ಪೂರ್ತಿ ಇಳಿಸಿದ. ಬಿಸಿಲೇರಿದ ಮೇಲೆ ಇಣುಕಿದಾಗ ಅವರು ಎದ್ದು ಹೋಗಿದ್ದರು, ಅಂಗಳದಲ್ಲಿ ಅವರು ಕೂತು ಅಮುಕಿದ ಹುಲ್ಲು ಮಾತ್ರ ಇತ್ತು. ನಮ್ಮಲ್ಲಿ ತಂಗಿಯ ಮಾತನ್ನು ಅಣ್ಣ ತೆಗೆದುಹಾಕುವಂತಿಲ್ಲ, ಆಮೇಲೆ ನಾನೇ ಎಷ್ಟೋ ಸಲ ಬಾಯಿ ತೆರೆದಿದ್ದೇನೆ, ಅಣ್ಣಾ, ಆಗಿದ್ದಾಯ್ತು. ಆ ಕಾಲು ನೋಡಿದ್ಯಲ್ಲ ನೀನು, ಎನ್ನುತ್ತಾನೆ, ಅಲ್ಲಿಗೆ ನನ್ನ ಮಾತು ನಿಲ್ಲುತ್ತದೆ, ನೋಡಿದ್ದೇನಲ್ಲ.

ಟೀಚರ್, ಏನ್ ಯೋಚನೆ ಮಾಡ್ತಿದ್ದೀರಾ? ಏನಿಲ್ಲಮ್ಮ, ಏನಿಲ್ಲ. ಅಷ್ಟೊಂದು ಕೆಟ್ಟದಾಗಿದ್ಯಾ? ಛೆ, ಹುಚ್ಚಿ, ಕೆಟ್ಟದಾಗಿದ್ರೆ ಇಷ್ಟು ಹೊತ್ತು ಕೂತಿರ್ತಿದ್ನಾ, ಗಂಜಿ ಮುಗಿದೇ ಹೋಗಿರುತ್ತೆ ಹೊರಗೆ. ಅವಳು ನಕ್ಕಳು, ಇವತ್ತು ಮೊದಲ ಸಲ. ಒಂದು ಕೆಲ್ಸ ಮಾಡು, ಎಂದೆ, ಆ ಚಿಕ್ಕ ಮಗು ಬೇಡ, ಚಾಪೆ ಕೆಳಗೆ ನೀನೇ ಕೂತು ನೋಡು, ಮಾತಿಲ್ದೆ. ಮಾತಿಲ್ದಿದ್ರೆ ಹೇಗಿರುತ್ತೆ ಅಂತ ನಿನಗೇ ತಿಳಿಯುತ್ತೆ, ನಾನು ಯಜಮಾನನ ಜಾಗದಲ್ಲಿ ಕೂರ್ತೀನಿ. ನಗು ಹೋಯಿತು. ನಾನಾ? ಹ್ಞೂಂ, ನೀನೇ. ಚಾಪೆಯ ಕಡೆ ನೋಡಿದಳು, ಮಕ್ಕಳು ಮಧ್ಯಾಹ್ನ ಮಲಗುವ ಸಾದಾ ಚಾಪೆ, ಮೂಲೆ ಹರಿದದ್ದು. ಆಮೇಲೆ ಎದ್ದು ಹೋಗಿ ಕೂತಳು, ಹೇಗೆ ಕೂರಬೇಕೆಂದು ನಾನು ಹೇಳಿಕೊಡಬೇಕಾಗಲಿಲ್ಲ, ಚಕ್ಕಳಮಕ್ಕಳ ಹಾಕಿ, ಸೊಂಟ ಬಾಗಿಸಿ, ಹಣೆ ನೆಲಕ್ಕೆ, ಎರಡೂ ಕೈ ಹಿಂದಕ್ಕೆ ಮಾಡಿ ಚಾಪೆ ಎಳೆದುಕೊಂಡದ್ದು, ಬಲಗಡೆ ಒಬ್ಬರಿಗೆ ಜಾಗ ಬಿಟ್ಟು. ಜಾಗ ಯಾಕೆ ಬಿಟ್ಟಳು. ನಾನು ಎದುರಿನ ಬೆಂಚಿನಲ್ಲಿ ಕೂತೆ, ಅಣ್ಣ ಕೂರುವ ಕಡೆ. ಫ್ಯಾನ್ ಒಂದು ತಿರುಗುತ್ತಿದೆ, ಚಾಪೆ ಅವಳ ಉಸಿರಿಗೆ ಏರುತ್ತಿದೆ, ಇಳಿಯುತ್ತಿದೆ, ಭಾಷಣಕ್ಕಿಂತ ಎಷ್ಟೋ ಮೇಲು, ಇದನ್ನು ಹೇಳಬೇಕು ಅವಳಿಗೆ, ನೋಡು ಮಗಳೇ ನಿನ್ನ ಉಸಿರೇ ಸಾಕು ಎಂದು — ಆಗ ಚಾಪೆಯ ಅಂಚು ಅಲ್ಲಾಡಿತು. ಎಡಗಾಲು ನಿಧಾನಕ್ಕೆ ನನ್ನ ಕಡೆಗೆ ಜಾರಿ ಹೊರಗೆ ಬಂತು. ತೀರೇಸಾ, ಕಾಲು — ಎಂದುಬಿಟ್ಟೆ, ಅಭ್ಯಾಸಬಲ, ಯಾವ ಮೇಷ್ಟ್ರಾದರೂ ಹೇಳುವುದೇ.

ಗೊತ್ತು ಟೀಚರ್, ಎಂದಿತು ಚಾಪೆಯೊಳಗಿನ ದನಿ, ಅವತ್ತೂ ಹಿಂಗೇ ಆಯ್ತು. ಇಬ್ರಿಗೆ ಸಾಕಾಗ್ಲಿಲ್ಲ ಅಜ್ಜಿಯ ಚಾಪೆ. ಅಮ್ಮ ನ್ಯೂಜಿಲೆಂಡಿಗೆ ಹಣ್ಣು ಕೀಳೋ ಕೆಲ್ಸಕ್ಕೆ ಹೋಗಿದ್ರಲ್ಲ, ಅಪ್ಪನ್ನ ಒಬ್ರನ್ನೇ ಕೂರ್ಸೋಕೆ ನಂಗೆ ಮನಸ್ಸಾಗ್ಲಿಲ್ಲ, ಕತ್ತಲಲ್ಲಿ ಪಕ್ಕ ಹೋಗಿ ತೂರ್ಕೊಂಡೆ, ಚಿಕ್ಕಪ್ಪಂದಿರು ಬೈದ್ರು, ಯಾರಿಗೂ ಹೇಳ್ಬೇಡ ಅಂದ್ರು. ಕಾಲು ಮರಗಟ್ಟಿ ತಾನೇ ಜಾರಿ ಹೋಯ್ತು. ಒಳಗೆ ಎಳ್ಕೊಳ್ಳೋಣ ಅಂದ್ರೆ, ಅಲ್ಲಾಡ್ಬೇಡ ಕಂದ, ಚಾಪೆ ಅಲ್ಲಾಡಿದ್ರೆ ಅವ್ರಿಗೆ ಅವಮಾನ ಮಾಡ್ದಂಗೆ ಅಂದ್ರು ಅಪ್ಪ. ಅದಕ್ಕೇ ಹಂಗೇ ಬಿಟ್ಟೆ. ಲೋಸಾ ಅಮ್ಮನ ಕಾಲು ಮೆಟ್ಟಿಲವರೆಗೂ ಬಂದಿತ್ತು ಟೀಚರ್, ನಾನು ಕಣ್ಣಾರೆ ನೋಡ್ದೆ. ಈಗ ಎಳ್ಕೊಳ್ಲಾ?

ಅವಮಾನವಾಗಬಾರದೆಂದು ಎಳೆದುಕೊಳ್ಳಲಿಲ್ಲ — ಅಣ್ಣಾ, ಕೇಳಿಸಿತಾ, ಅವಮಾನವಾಗಬಾರದೆಂದು — ಮಿಕಾಯೆಲೆ ಇನ್ನೂ ಮಗಳ ಕಾಲು ನಮಗೆ ಕಂಡದ್ದೇ ಅರಿಯ, ಇವಳೂ ಅರಿಯಳು, ಲೋಸಾ ಬಂದದ್ದು ನೋಡಿದಳಂತೆ, ನಾವು ಏನು ನೋಡಿದೆವು ಎಂದು ಅವಳಿಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು, ಅಪ್ಪನ ಮೇಲಿನ ಚಾಪೆ ಎತ್ತದಂತೆ ಮಾಡಿದ್ದು ತನ್ನ ಕಾಲು ಎಂದು ತಿಳಿದರೆ ಈ ಹುಡುಗಿ ಹೇಗೆ ಬದುಕಬೇಕು, ನನ್ನ ನಾಲಿಗೆ ಸೀಳಿದರೂ ಹೇಳಲಾರೆ. ಆದರೆ ಭಾನುವಾರ, ಮೊದಲ ಬೆಂಚು, ಬಿಳಿ ಅಂಗಿಯಲ್ಲಿ ಅಣ್ಣ, ಇಷ್ಟೇ ದೂರ, ಇದೇ ಎತ್ತರ, ಕಂಡರೆ ಗುರುತು ಹಿಡಿಯದೆ ಇರುತ್ತಾನೆಯೇ — ಟೀಚರ್, ಎಳ್ಕೊಳ್ಲಾ? ಬೇಡ, ಎಂದೆ, ದನಿ ನನ್ನದೆಂದು ನನಗೇ ಅನಿಸಲಿಲ್ಲ, ಎಳ್ಕೋಬೇಡ ಕಂದ, ಹೊರಗೇ ಇರ್ಲಿ, ಭಾನುವಾರವೂ ನೀನೇ ಕೂತ್ಕೋ, ಕಾಲು ಹೊರಗೇ ಇರ್ಲಿ. ಯಾಕೆ ಟೀಚರ್? ಹಾಗೇ, ಚೆನ್ನಾಗಿರುತ್ತೆ ಅಂತ. ಚಾಪೆ ಏರುತ್ತಿದೆ, ಇಳಿಯುತ್ತಿದೆ, ಇನ್ನೂ ಏನೋ ಹೇಳಬೇಕಿತ್ತು, ಕೊನೆಯಲ್ಲಿ ಮತ್ತೆ ಹೊಗಳಬೇಕಿತ್ತು, ಯಾವುದೂ ನೆನಪಾಗುತ್ತಿಲ್ಲ, ಕಾಲು, ಸಣ್ಣ ಕಾಲು, ಹೆಣ್ಣುಮಗುವಿನ ಕಾಲು, ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ.